ಕೆಂಪು ಕುರ್ಚಿಯಲ್ಲಿ ಕೂತವಳ ಮುಖ ಯಾಕೆ ಹಾಗಿದೆ?

ಪ್ರಶ್ನೆ: ಬಾಸ್ಟನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಹೋಗಿದ್ದೆವು. ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ ತನ್ನ ಹೆಂಡತಿಯನ್ನು ಕೂರಿಸಿ ಬರೆದ ‘ಕೆಂಪು ಕುರ್ಚಿಯಲ್ಲಿ ಮದಾಂ ಸೆಜಾನ್’ ಚಿತ್ರದ ಮುಂದೆ ಜನ ತುಂಬಾ ಹೊತ್ತು ನಿಂತಿದ್ದರು. ನನಗೆ ಮಾತ್ರ ಏನೂ ಹತ್ತಲಿಲ್ಲ. ಹೆಂಗಸಿನ ಮುಖ ಸಪ್ಪಗಿದೆ, ಕೆನ್ನೆಯಲ್ಲಿ ಹಸಿರು ಬಣ್ಣ ಇದೆ, ಕೈಬೆರಳುಗಳನ್ನು ಅರ್ಧಕ್ಕೇ ಬಿಟ್ಟ ಹಾಗಿದೆ. ಅವನಿಗೆ ಹೆಂಡತಿ ಮೇಲೆ ಪ್ರೀತಿಯೇ ಇರಲಿಲ್ಲ ಅಂತ ಮಗಳು ಎಲ್ಲೋ ಓದಿದ್ದಳಂತೆ. ನಾನು ನಮ್ಮ ಜಗನ್ಮೋಹನ ಅರಮನೆಯ ದೀಪದ ಹೆಂಗಸನ್ನು ನೋಡಿ ಬೆಳೆದವಳು. ಈ ಚಿತ್ರದಲ್ಲಿ ಅಂಥಾದ್ದೇನಿದೆ, ಸ್ವಲ್ಪ ಬಿಡಿಸಿ ಹೇಳುತ್ತೀರಾ? — ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ಮುಖ ಸಪ್ಪಗಿರುವುದು ನಿಜ. ಕೆನ್ನೆಯಲ್ಲಿ ಹಸಿರು ಇರುವುದೂ ನಿಜ. ಬೆರಳುಗಳನ್ನು ಒಂದೊಂದಾಗಿ ತಿದ್ದಿ ಮುಗಿಸಿಲ್ಲ, ಅದೂ ನಿಜ. ಆದರೆ ಇವನ್ನೆಲ್ಲ ಕೂಡಿಸಿ ‘ಪ್ರೀತಿ ಇರಲಿಲ್ಲ’ ಅನ್ನುವ ಲೆಕ್ಕಕ್ಕೆ ಬರುತ್ತೇವಲ್ಲ, ತೊಡಕು ಅಲ್ಲಿದೆ. ಭಾವಚಿತ್ರ ಅಂದ ಕೂಡಲೇ ನಾವೆಲ್ಲ ಮೊದಲು ಮುಖ ನೋಡುತ್ತೇವೆ. ಅಲ್ಲಿಂದ ಅವರ ಮನಸ್ಸು ಓದಲು ಹೊರಡುತ್ತೇವೆ. ಈ ಚಿತ್ರಕ್ಕೆ ಆ ದಾರಿ ಆಗಿಬರುವುದಿಲ್ಲ. ಇಲ್ಲಿ ಕುರ್ಚಿಯಿಂದ ಶುರು ಮಾಡಬೇಕು.

ನೀವು ದೀಪದ ಹೆಂಗಸಿನ ಮಾತೆತ್ತಿದ್ದು ಒಳ್ಳೆಯದೇ ಆಯಿತು. ಅದನ್ನು ರವಿವರ್ಮನ ಚಿತ್ರ ಅಂತ ಇವತ್ತಿಗೂ ಎಷ್ಟೋ ಜನ ನಂಬಿದ್ದಾರೆ. ಬರೆದವರು ಎಸ್.ಎಲ್. ಹಲ್ದಂಕರ್. ಅದು ಜಲವರ್ಣ, ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆ ಚಿತ್ರದ ಒಳಗುಟ್ಟು ಏನು? ಬೆಳಕು ಒಂದೇ ಕಡೆಯಿಂದ ಬರುತ್ತದೆ. ದೀಪದ ಕುಡಿಯಿಂದ ಅಂಗೈಗೆ, ಅಂಗೈಯಿಂದ ಮುಖಕ್ಕೆ. ಉಳಿದದ್ದೆಲ್ಲ ಮಬ್ಬಿಗೆ ಸರಿದು ಮುಖಕ್ಕೆ ಜಾಗ ಬಿಟ್ಟುಕೊಡುತ್ತದೆ. ನಮ್ಮ ಕಣ್ಣಿಗೆ ಎಲ್ಲಿ ನೋಡಬೇಕು ಅನ್ನುವ ಗೊಂದಲವೇ ಇಲ್ಲ. 19ನೇ ಶತಮಾನದ ಪ್ಯಾರಿಸ್ಸಿನಲ್ಲಿ, ಸರ್ಕಾರದ ಮನ್ನಣೆ ಇದ್ದ ವಾರ್ಷಿಕ ಪ್ರದರ್ಶನ ‘ಸಲೋನ್’ನಲ್ಲಿ ಹೆಸರು ಮಾಡಿದ ಭಾವಚಿತ್ರಗಳೂ ಹೆಚ್ಚುಕಡಿಮೆ ಇದೇ ದಾರಿಯವು. ಮುಖಕ್ಕೆ ಬೆಳಕು, ಹಿಂದೆ ಕತ್ತಲು, ಬ್ರಶ್ಶಿನ ಗುರುತೇ ಕಾಣದಷ್ಟು ನಯವಾದ ಮೈ.

ಈಗ ಕೆಂಪು ಕುರ್ಚಿಯ ಚಿತ್ರಕ್ಕೆ ಬನ್ನಿ. ಬರೆದದ್ದು ಸುಮಾರು 1877ರಲ್ಲಿ. ಎತ್ತರ 72 ಸೆಂಟಿಮೀಟರ್ ಚಿಲ್ಲರೆ, ಅಗಲ ಸುಮಾರು 56. ದೊಡ್ಡ ಚಿತ್ರವೇನಲ್ಲ. ಇದರಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಹೇಳಿ ನೋಡೋಣ? ಹೇಳುವುದು ಕಷ್ಟ. ದೀಪ ಇಲ್ಲ, ಕಿಟಕಿ ಇಲ್ಲ. ಮುಖದ ಹಿಂದೆ ಕತ್ತಲೆಯೂ ಇಲ್ಲ. ಮುಖ ಎಷ್ಟು ಬೆಳಗಿದೆಯೋ ಲಂಗವೂ ಅಷ್ಟೇ ಬೆಳಗಿದೆ, ಕುರ್ಚಿಯಂತೂ ಇನ್ನೂ ಜೋರು. ಅಂದರೆ ಮುಖಕ್ಕೆ ಯಾರೂ ಜಾಗ ಬಿಟ್ಟುಕೊಟ್ಟಿಲ್ಲ. ನಿಮಗೆ ‘ಏನೂ ಹತ್ತಲಿಲ್ಲ’ ಅನ್ನಿಸಿದ್ದು ಇದಕ್ಕೇ ಅಂತ ನನ್ನ ಊಹೆ. ಕಣ್ಣು ಎಂದಿನಂತೆ ಮುಖದ ಹತ್ತಿರ ಹೋಗಿದೆ, ಅಲ್ಲಿ ಕಾಯುತ್ತಾ ನಿಂತಿದೆ, ಮುಖ ಏನೂ ಮಾತಾಡಿಲ್ಲ.

ಹಾಗಾದರೆ ಮಾತಾಡುತ್ತಿರುವುದು ಯಾವುದು? ಒಂದೊಂದೇ ನೋಡೋಣ. ಹಿಂದಿನ ಗೋಡೆಗೆ ಮಣ್ಣು ಬೆರೆತ ಹಳದಿ-ಹಸಿರು ವಾಲ್‌ಪೇಪರ್. ಅದರ ಮೇಲೆ ಅಲ್ಲಲ್ಲಿ ನೀಲಿ ಬುಟ್ಟಾ, ನಡು ಖಾಲಿ ಬಿಟ್ಟ ಶಿಲುಬೆಯ ಆಕಾರದ್ದು. ಇದೇ ವಾಲ್‌ಪೇಪರ್ ಸೆಜಾನ್ ಆ ಕಾಲದಲ್ಲಿ ಬರೆದ ಕೆಲವು ಹಣ್ಣು-ಪಾತ್ರೆಗಳ ಚಿತ್ರಗಳ ಹಿಂದೆಯೂ ಇದೆ. ಪ್ಯಾರಿಸ್ಸಿನಲ್ಲಿ ಅವರಿದ್ದ ಬಾಡಿಗೆ ಮನೆಯ ಗೋಡೆ ಅದು ಅನ್ನುವುದು ವಿದ್ವಾಂಸರ ಲೆಕ್ಕ. ಅಂದರೆ ಇದು ಸ್ಟುಡಿಯೋದಲ್ಲಿ ಜೋಡಿಸಿಟ್ಟ ದೃಶ್ಯವಲ್ಲ, ಮನೆಯ ಕೋಣೆ. ಗೋಡೆಯ ಬುಡದಲ್ಲಿ ಹಸಿರು ಬೆರೆತ ನೀಲಿಯ ಅಗಲ ಪಟ್ಟಿ. ಆ ಪಟ್ಟಿಯ ಎದುರಿಗೆ ಕುರ್ಚಿಯ ಕೈಯಿಂದ ಒಂದು ಗೊಂಡೆ ಇಳಿಬಿದ್ದಿದೆ, ಉರಿಯುವ ಕೆಂಪು. ಮುಂದಿನ ಸಲ ಹೋದರೆ ಮುಖ ಬಿಟ್ಟು ಆ ಗೊಂಡೆಯ ಹತ್ತಿರ ನಿಂತುಕೊಳ್ಳಿ. ನೀಲಿ-ಹಸಿರಿಗೆ ತಾಗಿಕೊಂಡ ಕೆಂಪು ಅಲ್ಲಿ ಜಗಳಕ್ಕೆ ನಿಂತ ಹಾಗಿದೆ. ಅದೇ ಕೆಂಪು ಮೇಲೆ ಬೆನ್ನೊರಗುವಲ್ಲಿ, ಹಳದಿ-ಹಸಿರು ಗೋಡೆಯ ಮುಂದೆ, ಬೇರೆಯೇ ಆಗಿ ಕಾಣುತ್ತದೆ.

ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಹಿಡಿದು ನೋಡುತ್ತೀರಲ್ಲ, ಅದೇ. ಮಾವಿನೆಲೆ ಹಸಿರಿನ ಸೀರೆ ಪಕ್ಕ ಇಟ್ಟ ಕೆಂಪು ಕೂಗುತ್ತದೆ. ಅದೇ ತುಂಡನ್ನು ಕಂದು ಸೀರೆಯ ಮೇಲಿಟ್ಟರೆ ಸುಮ್ಮನಾಗುತ್ತದೆ. ಬಟ್ಟೆ ಅದೇ, ಬಣ್ಣ ಅದೇ. ಪಕ್ಕದ್ದು ಬದಲಾಯಿತು ಅಷ್ಟೇ. ಫ್ರಾನ್ಸಿನಲ್ಲಿ ಇದನ್ನು ವಿಜ್ಞಾನದ ಹಾಗೆ ಬರೆದಿಟ್ಟವನು ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞ. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆಮನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಅವನೇ ಮುಖ್ಯಸ್ಥ. ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂದಾಗ ಪರೀಕ್ಷೆ ಮಾಡಿ ನೋಡಿದ. ನೂಲಿನ ಬಣ್ಣದಲ್ಲಿ ದೋಷ ಇರಲಿಲ್ಲ. ಪಕ್ಕದ ನೂಲುಗಳ ಬಣ್ಣದಿಂದ ಕಪ್ಪು ಹಾಗೆ ಕಾಣುತ್ತಿತ್ತು. ಇದರ ಮೇಲೆ ಅವನ ದೊಡ್ಡ ಪುಸ್ತಕ ಬಂದದ್ದು 1839ರಲ್ಲಿ, ಸೆಜಾನ್ ಹುಟ್ಟಿದ ವರ್ಷ. ಮುಂದಿನ ತಲೆಮಾರಿನ ಚಿತ್ರಕಾರರಿಗೆಲ್ಲ ಈ ತಿಳಿವಳಿಕೆ ಕೈಗೆ ಸಿಕ್ಕಿತು. ಆದರೆ ಒಂದು ಮುಖವನ್ನು, ಅದೂ ಮನೆಯವಳ ಮುಖವನ್ನು, ಇದೇ ನಿಯಮಕ್ಕೆ ಇಷ್ಟು ಗಟ್ಟಿಯಾಗಿ ಕಟ್ಟಿಹಾಕಿದವರು ಕಡಿಮೆ.

ಈಗ ಹಸಿರು ಕೆನ್ನೆ ಅರ್ಥವಾಗುತ್ತದೆ. ಹಳೆಯ ಕ್ರಮದಲ್ಲಿ ಕೆನ್ನೆಯ ಉಬ್ಬು ತೋರಿಸಲು ಒಂದು ಪಕ್ಕಕ್ಕೆ ಕಂದು ನೆರಳು ಹಚ್ಚುತ್ತಿದ್ದರು. ಸೆಜಾನ್ ಕಂದು ನೆರಳನ್ನು ಕೈಬಿಟ್ಟಿದ್ದ. 1872ರಿಂದ ಒಂದೆರಡು ವರ್ಷ ಪೊಂತ್ವಾಜ್, ಓವೇರ್ ಎಂಬ ಊರುಗಳ ಕಡೆ ಹಿರಿಯ ಚಿತ್ರಕಾರ ಪಿಸಾರೋ ಜೊತೆ ಬಯಲಲ್ಲಿ ಕೂತು ಕೆಲಸ ಮಾಡಿದ ಮೇಲೆ ಅವನ ಬಣ್ಣಗಳೇ ತಿಳಿಯಾದವು. ಚರ್ಮ ಕಣ್ಣಿನ ಕಡೆಗೆ ಬರುವ ಜಾಗದಲ್ಲಿ ಬೆಚ್ಚನೆಯ ಬಣ್ಣ, ತಿಳಿಗುಲಾಬಿಯಂಥದ್ದು. ಹಿಂದಕ್ಕೆ ಸರಿಯುವಲ್ಲಿ ತಣ್ಣನೆಯದು, ಹಸಿರು, ನೀಲಿ. ಆ ಹಸಿರು ಎಲ್ಲಿಂದ ಬಂತು? ಗೋಡೆಯಿಂದ, ಲಂಗದ ಪಟ್ಟೆಗಳಿಂದ. ನೀಲಿ ಎಲ್ಲಿಂದ? ಅವಳ ಜಾಕೆಟ್ಟಿನಿಂದ, ಕತ್ತಿನ ಕೆಳಗೆ ಕಟ್ಟಿದ ರೇಷ್ಮೆ ರಿಬ್ಬನ್ನಿನಿಂದ. ಮುಖಕ್ಕೆ ಬೇಕಾದ ಬಣ್ಣವನ್ನು ಸುತ್ತಲಿನ ವಸ್ತುಗಳು ಕಡ ಕೊಟ್ಟಿವೆ.

ಲಂಗವನ್ನೂ ಒಮ್ಮೆ ಹತ್ತಿರದಿಂದ ನೋಡಬೇಕು. ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದು. ದೂರದಿಂದ ನೋಡಿದರೆ ಅಗಲ ಪಟ್ಟೆಗಳ ಭಾರವಾದ ಬಟ್ಟೆ, ಮಡಿಲಿಂದ ಕೆಳಕ್ಕೆ ಇಳಿದಿದೆ. ಹತ್ತಿರ ಹೋದರೆ ಪಟ್ಟೆಯ ಗೆರೆಯೇ ಇಲ್ಲ. ಹಳದಿ-ಹಸಿರು, ಹಸಿರು-ಹಳದಿ ಬಣ್ಣದ ಚಿಕ್ಕ ಚಿಕ್ಕ ತೇಪೆಗಳು, ಒಂದಕ್ಕೊಂದು ಅಂಟದ ಹಾಗೆ ಇಟ್ಟದ್ದು. ಪ್ರತಿ ತೇಪೆಯಲ್ಲೂ ಬ್ರಶ್ಶಿನ ಗುರುತು ಹಾಗೇ ಉಳಿದಿದೆ. ಬಟ್ಟೆ ಇದು ಅಂತ ನಂಬಿಸುವ ಆಸೆ ಅವನಿಗಿಲ್ಲ, ಆದರೂ ನಾವು ನಂಬುತ್ತೇವೆ. ಬೆರಳುಗಳನ್ನು ಯಾಕೆ ಬಿಡಿಸಿ ಮುಗಿಸಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲಿಯೇ ಇದೆ. ಉಗುರು ಗೆಣ್ಣು ಎಲ್ಲ ತಿದ್ದಿ ತೀಡಿದ್ದರೆ ಕಣ್ಣು ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಲಂಗ, ಜಾಕೆಟ್ಟು, ಕುರ್ಚಿಯ ಕೈ ಇವೆಲ್ಲ ಸೇರಿ ಮಾಡಿಕೊಂಡ ಹೊಂದಾಣಿಕೆ ಅಲ್ಲಿಗೆ ಮುರಿಯುತ್ತಿತ್ತು. ಅವನಿಗೆ ಕೈ ಬರೆಯಲು ಬರುತ್ತಿರಲಿಲ್ಲ ಅಂತ ಹೇಳುವವರಿದ್ದಾರೆ. ಅವನ ಶೈಲಿ ಸಲೀಸಾದದ್ದಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿ ಬಿಟ್ಟದ್ದು ಬೇಕಂತಲೇ ಬಿಟ್ಟದ್ದು.

ಈ ಚಿತ್ರವನ್ನು ಅತಿ ಚೆನ್ನಾಗಿ ನೋಡಿದವನು ಚಿತ್ರಕಾರನಲ್ಲ, ಒಬ್ಬ ಕವಿ. ಸೆಜಾನ್ 1906ರ ಅಕ್ಟೋಬರಿನಲ್ಲಿ ತೀರಿಕೊಂಡ. ಮರುವರ್ಷ ಪ್ಯಾರಿಸ್ಸಿನಲ್ಲಿ ಅವನ ನೆನಪಿಗೆ ದೊಡ್ಡ ಪ್ರದರ್ಶನ ನಡೆಯಿತು. ಜರ್ಮನ್ ಭಾಷೆಯ ಕವಿ ರಿಲ್ಕೆ ಆಗ ಅಲ್ಲೇ ಇದ್ದ. ಮತ್ತೆ ಮತ್ತೆ ಹೋಗಿ ನೋಡಿ ಬಂದು, ಶಿಲ್ಪಿಯಾಗಿದ್ದ ಹೆಂಡತಿ ಕ್ಲಾರಾಗೆ ಕಾಗದ ಬರೆಯುತ್ತಿದ್ದ. 1907ರ ಅಕ್ಟೋಬರ್ 22ರ ಕಾಗದದಲ್ಲಿ ಈ ಕೆಂಪು ಕುರ್ಚಿಯ ಸುದ್ದಿ ಇದೆ. ಮೇಲೆ ನಾನು ಹೇಳಿದ ಗೊಂಡೆ, ನೀಲಿ ಪಟ್ಟಿ, ಗೋಡೆಯ ಶಿಲುಬೆ ಬುಟ್ಟಾ, ಪಟ್ಟೆ ಲಂಗ ಎಲ್ಲವನ್ನೂ ಅವನು ಅದರಲ್ಲಿ ಒಂದೊಂದಾಗಿ ಹೇಳುತ್ತಾನೆ. ಚಿತ್ರದ ಮುಂದೆ ಅಷ್ಟು ಹೊತ್ತು ನಿಂತರೂ ಅದು ಬಹಳ ಅಂಕಿಗಳಿರುವ ದೊಡ್ಡ ಸಂಖ್ಯೆಯ ಹಾಗೆ ನೆನಪಿನಿಂದ ಜಾರುತ್ತಿದೆ, ಅಂಕಿ ಅಂಕಿಯಾಗಿ ಬಾಯಿಪಾಠ ಮಾಡಿದ್ದರೂ ಕೂಡ, ಅಂತ ಪೇಚಾಡುತ್ತಾನೆ. ಆಮೇಲೆ ಒಂದು ಮಾತು ಬರುತ್ತದೆ: ಈ ಚಿತ್ರದ ಪ್ರತಿಯೊಂದು ಜಾಗಕ್ಕೂ ಉಳಿದೆಲ್ಲ ಜಾಗಗಳ ಅರಿವಿದ್ದ ಹಾಗಿದೆ ಅಂತ. ಇದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದಾಗದು. ಗಮನಿಸಿ, ಅಷ್ಟುದ್ದದ ವರ್ಣನೆಯಲ್ಲಿ ಅವಳು ಖುಷಿಯಾಗಿದ್ದಾಳಾ, ಬೇಜಾರಾಗಿದ್ದಾಳಾ ಅನ್ನುವ ಗೋಜಿಗೇ ಅವನು ಹೋಗುವುದಿಲ್ಲ.

ಇನ್ನು ಸಂಸಾರದ ವಿಷಯ.

ಅವಳ ಹೆಸರು ಓರ್ತಾನ್ಸ್ ಫಿಕೆ. ಹುಟ್ಟಿದ್ದು 1850ರಲ್ಲಿ, ಪೂರ್ವ ಫ್ರಾನ್ಸಿನ ಜೂರಾ ಸೀಮೆಯ ಒಂದು ಹಳ್ಳಿಯಲ್ಲಿ. ಪ್ಯಾರಿಸ್ಸಿನಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ ಮಾಡುತ್ತಿದ್ದಳು. 1869ರ ಹೊತ್ತಿಗೆ ಸೆಜಾನ್‌ಗೆ ಪರಿಚಯವಾದಳು. 1872ರ ಜನವರಿಯಲ್ಲಿ ಮಗ ಹುಟ್ಟಿದ, ಅವನಿಗೂ ಪಾಲ್ ಅಂತಲೇ ಹೆಸರು. ಮದುವೆ ಮಾತ್ರ ಆಗಿರಲಿಲ್ಲ. ಸೆಜಾನ್‌ನ ಅಪ್ಪ ದಕ್ಷಿಣದ ಎಕ್ಸ್ ಊರಿನಲ್ಲಿ ಬ್ಯಾಂಕ್ ನಡೆಸುತ್ತಿದ್ದ ಹಣವಂತ, ಮಹಾ ಹಟದ ಮನುಷ್ಯ. ಮಗನಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದವನು ಅವನೇ. ಅವನಿಗೆ ಗೊತ್ತಾದರೆ ಹಣ ನಿಲ್ಲುತ್ತದೆ ಅನ್ನುವ ಭಯಕ್ಕೆ, ನಲವತ್ತರ ಹತ್ತಿರ ಬಂದ ಮಗ ಹೆಂಗಸು-ಮಗುವನ್ನು ಅಪ್ಪನಿಂದ ಬಚ್ಚಿಟ್ಟಿದ್ದ. ಹಾಗಾಗಿ 1877ರಲ್ಲಿ ಈ ಕುರ್ಚಿಯಲ್ಲಿ ಕೂತ 27 ವರ್ಷದ ಹೆಂಗಸು ಕಾಗದಪತ್ರದ ಪ್ರಕಾರ ಇನ್ನೂ ಮದಾಂ ಸೆಜಾನ್ ಆಗಿರಲಿಲ್ಲ. ಚಿತ್ರಕ್ಕೆ ಆ ಹೆಸರು ಅಂಟಿದ್ದು ಆಮೇಲೆ.

ಗುಟ್ಟು ರಟ್ಟಾದದ್ದು ಮರುವರ್ಷ. ವಿಕ್ತೋರ್ ಶೋಕೆ ಅಂತ ಒಬ್ಬ ಸುಂಕದ ಕಚೇರಿಯ ನೌಕರ, ಚಿತ್ರಗಳ ಹುಚ್ಚಿದ್ದವನು, ಸೆಜಾನ್‌ಗೆ ಕಾಗದ ಬರೆದ. ಅದರಲ್ಲಿ ‘ಮದಾಂ ಸೆಜಾನ್ ಮತ್ತು ಪುಟ್ಟ ಪಾಲ್’ ಅಂತ ಬರೆದುಬಿಟ್ಟಿದ್ದ. ಮಗನಿಗೆ ಬಂದ ಕಾಗದವನ್ನು ಅಪ್ಪ ಒಡೆದು ಓದಿದ. ತಿಂಗಳ ಹಣ ನೂರು ಫ್ರಾಂಕಿಗೆ ಇಳಿಯಿತು. ಸೆಜಾನ್ ಬಾಲ್ಯದ ಗೆಳೆಯ ಕಾದಂಬರಿಕಾರ ಜೋಲಾನಿಗೆ ಬರೆದು, ಓರ್ತಾನ್ಸ್‌ಗೆ 60 ಫ್ರಾಂಕ್ ಕಳಿಸು ಅಂತ ಕೇಳಿಕೊಂಡ. ಜೋಲಾ ಕಳಿಸಿದ, ಅದೂ ತಿಂಗಳುಗಟ್ಟಲೆ. ಆಗ ಓರ್ತಾನ್ಸ್ ಮಗುವಿನ ಜೊತೆ ಮಾರ್ಸೇಯಲ್ಲಿದ್ದಳು. ಮಗುವಿಗೆ ಹುಷಾರಿಲ್ಲ ಅಂತ ಸೆಜಾನ್ ಒಂದು ದಿನ ಕದ್ದುಮುಚ್ಚಿ ನೋಡಲು ಹೋದ. ರೈಲಿನ ವೇಳಾಪಟ್ಟಿ ನಂಬಿ ಮೋಸಹೋಗಿ, ವಾಪಸ್ ಎಕ್ಸ್‌ಗೆ ನಡೆದೇ ಬಂದ, ಸುಮಾರು 30 ಕಿಲೋಮೀಟರ್. ಅಪ್ಪನ ಮನೆಯ ರಾತ್ರಿ ಊಟಕ್ಕೆ ಒಂದು ಗಂಟೆ ತಡವಾಯಿತು ಅಂತ ಅವನೇ ಜೋಲಾನಿಗೆ ಬರೆದಿದ್ದಾನೆ. ಕೊನೆಗೆ ಮದುವೆಯಾದದ್ದು 1886ರ ಏಪ್ರಿಲ್‌ನಲ್ಲಿ, ಮಗನಿಗೆ 14 ತುಂಬಿದ ಮೇಲೆ. ಅದೇ ವರ್ಷ ಅಕ್ಟೋಬರಿನಲ್ಲಿ ಅಪ್ಪ ಸತ್ತ.

ಮದುವೆಯಾದ ಮೇಲೆ ಒಟ್ಟಿಗಿದ್ದದ್ದಕ್ಕಿಂತ ಬೇರೆ ಬೇರೆ ಇದ್ದದ್ದೇ ಜಾಸ್ತಿ. ಅವಳಿಗೆ ಪ್ಯಾರಿಸ್ ಬೇಕು, ಅವನಿಗೆ ಎಕ್ಸ್ ಬೇಕು. ಉಯಿಲಿನಲ್ಲಿ ಅವನು ಎಲ್ಲವನ್ನೂ ಮಗನ ಹೆಸರಿಗೆ ಬರೆದ. ಹಾಗಾಗಿ ಇದು ಸುಖ ಸಂಸಾರ ಅಂತ ನಾನು ಹೇಳಲಾರೆ. ಆದರೆ ಅವನ ಗೆಳೆಯರ ಬಳಗ ಅವಳನ್ನು ಮೊದಲಿನಿಂದಲೂ ಹಗುರವಾಗಿ ನೋಡಿತು. ಬೆನ್ನ ಹಿಂದೆ ಅಡ್ಡಹೆಸರು ಇಟ್ಟು ಕರೆದರು. ಮುಂದೆ ಬರೆದವರು ಅದನ್ನೇ ಹಿಡಿದು, ಸಿಡುಕಿ, ಒಣ ಹೆಂಗಸು, ಕಲೆಯ ಗಂಧವಿಲ್ಲದವಳು ಅಂತೆಲ್ಲ ಬರೆದರು. ಸಾಕ್ಷಿ ಏನಪ್ಪಾ ಅಂದರೆ ಈ ಚಿತ್ರಗಳೇ! ನೋಡಿ, ಎಲ್ಲೂ ನಗುತ್ತಿಲ್ಲ ಅಂತ. ಅವಳು ಬರೆದ ಕಾಗದಗಳು ಬೆರಳೆಣಿಕೆಯಷ್ಟೇ ಉಳಿದಿವೆ. ತನ್ನ ಪರ ಹೇಳಿಕೊಳ್ಳಲು ಅವಳಿಗೆ ಬಾಯಿಯೇ ಇರಲಿಲ್ಲ. ನಿಮ್ಮ ಮಗಳು ಓದಿದ್ದು ಈ ಜಾತಿಯ ಬರಹವೇ ಇರಬೇಕು.

ಸೆಜಾನ್‌ಗಾಗಿ ಕೂರುವುದು ಅಂದರೇನು ಅಂತ ಒಮ್ಮೆ ಯೋಚಿಸಿ. ಅವನ ಕೆಲಸ ತೀರಾ ನಿಧಾನ. ಮುಂದೊಮ್ಮೆ ಚಿತ್ರಗಳ ವ್ಯಾಪಾರಿ ವೊಲಾರ್ ಅವನ ಮುಂದೆ ಕೂತಾಗ, ತೂಕಡಿಸಿ ಅಲುಗಾಡಿದ್ದಕ್ಕೆ ಬೈಸಿಕೊಂಡನಂತೆ, ಸೇಬಿನ ಹಾಗೆ ಕೂರಬೇಕು, ಸೇಬು ಎಲ್ಲಾದರೂ ಅಲ್ಲಾಡುತ್ತದಾ ಅಂತ. ನೂರಕ್ಕೂ ಜಾಸ್ತಿ ಸಲ ಕೂರಿಸಿ ಆ ಚಿತ್ರವನ್ನು ಅರ್ಧಕ್ಕೇ ಬಿಟ್ಟ ಅಂತಲೂ ವೊಲಾರ್ ಬರೆದುಕೊಂಡಿದ್ದಾನೆ. ಗಂಟೆಗಟ್ಟಲೆ ಹಾಗೆ ಕೂತರೆ ಯಾರ ಮುಖದಲ್ಲಿ ತಾನೇ ನಗು ನಿಲ್ಲುತ್ತದೆ? ಓರ್ತಾನ್ಸ್ ಇಪ್ಪತ್ತು ವರ್ಷಗಳಲ್ಲಿ ಎಣ್ಣೆಬಣ್ಣದ 29 ಭಾವಚಿತ್ರಗಳಿಗೆ ಕೂತಿದ್ದಾಳೆ. ಅವನ ಹೊಸ ದಾರಿಗೆ ಇಷ್ಟು ದುಡಿದವರು ಅವನ ಬಳಗದಲ್ಲಿ ಇನ್ನೊಬ್ಬರು ಸಿಗುವುದಿಲ್ಲ ಅಂತ ನನ್ನ ಅಭಿಪ್ರಾಯ. 2014ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಇವುಗಳಲ್ಲಿ 24ನ್ನು ಒಂದೇ ಕಡೆ ಸೇರಿಸಿ ತೋರಿಸಿತು. ಅದಾದ ಮೇಲೆ ಅವಳ ಬಗ್ಗೆ ಬರೆಯುವವರ ಧಾಟಿ ಸ್ವಲ್ಪ ಬದಲಾಗಿದೆ.

ಪ್ರೀತಿಯೇ ಇರಲಿಲ್ಲವಾ ಅಂದರೆ, ಅವನ ಸ್ಕೆಚ್ ಪುಸ್ತಕಗಳನ್ನು ನೋಡಬೇಕು. ಅಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಓರ್ತಾನ್ಸ್ ಬೇರೆಯೇ. ಹೊಲಿಗೆ ಹಾಕುತ್ತಿರುವಾಗ, ನಿದ್ದೆ ಹೋಗಿರುವಾಗ. ಒಂದು ಹಾಳೆಯಲ್ಲಿ ದಿಂಬಿನ ಮೇಲೆ ಅವಳ ತಲೆ, ಪಕ್ಕದಲ್ಲಿ ಒಂದು ಹೈಡ್ರೇಂಜಿಯಾ ಹೂಗೊಂಚಲು, ಎಲೆಗೆ ತುಸು ಹಸಿರು. ಅದು ಮಾರಾಟಕ್ಕೆ ಬರೆದದ್ದಲ್ಲ, ಪ್ರದರ್ಶನಕ್ಕೆ ಬರೆದದ್ದೂ ಅಲ್ಲ.

ಅಂದಹಾಗೆ, ಆ ಕಾಲದ ಜನಕ್ಕೂ ಇವನ ಬಣ್ಣ ನಿಮಗಿಂತ ಜಾಸ್ತಿಯೇ ಕಾಟ ಕೊಟ್ಟಿತ್ತು. 1877ರ ಏಪ್ರಿಲ್‌ನಲ್ಲಿ, ಸಲೋನ್ ಬಿಟ್ಟು ತಾವೇ ಪ್ರದರ್ಶನ ನಡೆಸುತ್ತಿದ್ದ ಇಂಪ್ರೆಷನಿಸ್ಟ್ ಚಿತ್ರಕಾರರ ಮೂರನೇ ಪ್ರದರ್ಶನದಲ್ಲಿ ಸೆಜಾನ್ 16 ಚಿತ್ರ ಇಟ್ಟಿದ್ದ. ಅದರಲ್ಲೊಂದು ಗಂಡಸಿನ ಭಾವಚಿತ್ರ. ಅದರಲ್ಲಿ ಇದ್ದವನು ಇದೇ ಶೋಕೆ. ಲೂಯಿ ಲೆರುವಾ ಎಂಬ ಪತ್ರಕರ್ತ, ಬಸುರಿ ಹೆಂಗಸರನ್ನು ಆ ಚಿತ್ರದ ಮುಂದೆ ನಿಲ್ಲಿಸಬೇಡಿ, ಹೊಟ್ಟೆಯಲ್ಲಿರುವ ಕೂಸಿಗೆ ಹಳದಿ ಜ್ವರ ಬಂದೀತು ಅಂತ ಗೇಲಿ ಮಾಡಿದ. ಸೆಜಾನ್ ಆಮೇಲೆ ಆ ಗುಂಪಿನ ಜೊತೆ ಮತ್ತೆ ಚಿತ್ರ ಇಡಲಿಲ್ಲ.

ಆದರೆ ಮುಂದಿನ ತಲೆಮಾರಿಗೆ ಈ ಚಿತ್ರಗಳೇ ಪಾಠವಾದವು. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಮತ್ತು ಅವಳ ಅಣ್ಣ ಲಿಯೊ, ಓರ್ತಾನ್ಸ್ ಬೀಸಣಿಗೆ ಹಿಡಿದು ಕೂತ ಚಿತ್ರವನ್ನು ವೊಲಾರ್ ಹತ್ತಿರ ಕೊಂಡರು. ಅವರ ಮನೆಗೆ ಬಂದುಹೋಗುತ್ತಿದ್ದ ಚಿತ್ರಕಾರರಲ್ಲಿ ಮಾತೀಸ್ ಇದ್ದ, ಪಿಕಾಸೊ ಇದ್ದ. ಮಾತೀಸ್ 1905ರಲ್ಲಿ ತನ್ನ ಹೆಂಡತಿಯ ಮುಖದ ನಟ್ಟನಡುವೆ ಹಣೆಯಿಂದ ಗಲ್ಲದವರೆಗೆ ಹಸಿರು ಪಟ್ಟೆಯನ್ನೇ ಎಳೆದುಬಿಟ್ಟ. ಓರ್ತಾನ್ಸ್‌ಳ ಕೆನ್ನೆಯ ಹಸಿರು ಅದರ ಮುಂದೆ ಏನೇನೂ ಅಲ್ಲ!

ನಿಮಗೆ ಮತ್ತೆ ಬಾಸ್ಟನ್ ಪ್ರಯಾಣ ಕೂಡಿಬಂದರೆ ಎರಡು ಮಾತು. ಚಿತ್ರದ ಮುಂದೆ ಮೊದಲು ಐದಾರು ಹೆಜ್ಜೆ ದೂರ ನಿಲ್ಲಿ. ಗೊಂಡೆಯಿಂದ ಶುರು ಮಾಡಿ ಕುರ್ಚಿಯ ಕೆಂಪಿನ ಅಂಚು ಹಿಡಿದು ಮೇಲೆ ಹೋಗಿ, ಗೋಡೆ ಸುತ್ತಿ ಬಂದು, ರಿಬ್ಬನ್ನಿನ ಗಂಟಿಗೆ ಇಳಿಯಿರಿ. ಮುಖವನ್ನು ಕೊನೆಗೆ ನೋಡಿ. ಫೋನಿನಲ್ಲಿ ತೆಗೆದ ಫೋಟೋ ನಂಬಬೇಡಿ. ಅದರಲ್ಲಿ ಕೆಂಪು ಜೋರಾಗಿ, ಕೆನ್ನೆಯ ಹಸಿರು ಕೆಸರಾಗಿ ಕಾಣುತ್ತದೆ.

ಒಂದು ದಿನ ಬಿಡುವು ಮಾಡಿಕೊಂಡು ನ್ಯೂಯಾರ್ಕಿಗೂ ಹೋಗಿಬನ್ನಿ. ಬಾಸ್ಟನ್ನಿನಿಂದ ರೈಲಿನಲ್ಲಿ ನಾಲ್ಕು ಗಂಟೆ ಚಿಲ್ಲರೆ. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಓರ್ತಾನ್ಸ್ ಕೆಂಪು ಉಡುಪಿನಲ್ಲಿ ಕೂತ ಚಿತ್ರ ಇದೆ, ಹತ್ತು-ಹನ್ನೆರಡು ವರ್ಷ ಆಮೇಲಿನದು. ಅಲ್ಲಿ ಕೆಂಪು ಕುರ್ಚಿಯಿಂದ ಅವಳ ಮೈಮೇಲೆ ಬಂದಿದೆ, ಕುರ್ಚಿ ಹಳದಿಯಾಗಿದೆ. ಅವಳ ಹಿಂದೆ ಗೋಡೆಯುದ್ದಕ್ಕೂ ಹೋಗುವ ಪಟ್ಟಿಯನ್ನು ಗಮನಿಸಿ. ಅದು ನೆಟ್ಟಗಿಲ್ಲ. ಇಡೀ ಕೋಣೆಯೇ ಒಂದು ಕಡೆಗೆ ವಾಲಿದೆ, ಅವಳು ಕೂತ ಕುರ್ಚಿಯೂ ಸೇರಿ. ಆ ವಾಲಿದ ಕೋಣೆಯಲ್ಲಿ ಅವಳನ್ನು ಬೀಳದ ಹಾಗೆ ಹಿಡಿದಿರುವುದು ಯಾವುದು ಅಂತ ಹುಡುಕಿ ನೋಡಿ, ಸಿಕ್ಕಿದರೆ ನನಗೂ ಬರೆಯಿರಿ.